ನಾಲ್ಕನೆಯ ಫಾರಂ

ಲೈಬ್ರರಿಯಿಂದ ಗೋಣಿಚೀಲದಲ್ಲಿ ಬರುತ್ತಾರೆ
ಬೆನ್ನು ಮುರಿದ ದೊಡ್ಡವರು.
ಅರಸೀಕೆರೆಯ ಹಾಸನ ರಸ್ತೆಯಲ್ಲಿ
ಗಾಣದೆಣ್ಣೆ ಅಂಗಡಿಗೆ ಅಂಟಿಕೊಂಡ ನನ್ನ ಗೂಡಿನಲ್ಲಿ
ಸುರಿದು, ಧೂಳು ಕೊಡವಿ, ಹಳೆ ದಾರ ಕೊಯ್ಯುತ್ತೇನೆ.

ಓದಿದ್ದು ಏಳನೇ ಕ್ಲಾಸು. ಆದರೂ
ಜೀವನಚರಿತ್ರೆ ಯಾವುದೆಂದು ತೆರೆಯದೆ ಹೇಳಬಲ್ಲೆ,
ಅಂಚು ನೋಡಿದರೆ ಸಾಕು.
ಮೊದಲ ಐವತ್ತು ಪುಟ ಕಪ್ಪು. ಬೆರಳಿನ ಜಿಡ್ಡು,
ಲೋಟದ ತಳದ ಉಂಗುರ, ಒಮ್ಮೊಮ್ಮೆ
ತಿಪಟೂರಿನ ಬಸ್ ಟಿಕೆಟ್ಟು.
ಅದು ಬಾಲ್ಯ: ಫೀಸು ಕಟ್ಟಲಾಗದ ಸೋಮವಾರ,
ಗಣಿತದಲ್ಲಿ ಹನ್ನೊಂದು ಅಂಕ, ಅಪ್ಪನ ಬೆಲ್ಟು.
ಆಮೇಲೆ ಪದವಿ, ಶಾಲು, ವಿದೇಶ ಪ್ರವಾಸ,
ಮಂತ್ರಿಯ ಪಕ್ಕ ಕತ್ತು ವಾಲಿಸಿದ ಫೋಟೋ.
ಆ ಪುಟಗಳು ಮಾತ್ರ
ಮದುವೆ ದಿನ ಉಟ್ಟು ಎತ್ತಿಟ್ಟ ಸೀರೆಯ ಹಾಗೆ
ಮಡಿಕೆ ಮುರಿಯದೆ ಉಳಿದಿವೆ.
ಸಾಯುವಲ್ಲಿ ಮತ್ತೆ ಸ್ವಲ್ಪ ಕೊಳೆ.

ಓದುತ್ತಾ ಕೂತರೆ ಕೆಲಸ ಕೆಡುತ್ತೆ ಅನ್ನುತ್ತಿದ್ದರು ಅಬ್ಬ,
ಅನ್ನುವಾಗಲೂ ಅವರ ಕಣ್ಣು ಪುಟದ ಮೇಲೆ.
ನಾನು ಓದುವುದು ಅಂಟು ಒಣಗುವಷ್ಟು ಹೊತ್ತು,
ಮೈದಾ ಗೋಂದಿಗೆ ಚಿಟಿಕೆ ಮೈಲುತುತ್ತ ಹಾಕಿ.
ಹಾಗಾಗಿ ಯಾರ ಬದುಕೂ ನನಗೆ ಪೂರ್ತಿ ಗೊತ್ತಿಲ್ಲ.
ಒಬ್ಬ ಇನ್ನೂ ಹಡಗಿನ ಏಣಿ ಹತ್ತುತ್ತಿದ್ದಾನೆ.
ಒಬ್ಬಳು ನಾಟಕ ಕಂಪನಿಯ ಪರದೆ ಹಿಂದೆ
ಬಣ್ಣ ಬಳಿದುಕೊಂಡು ನಿಂತು ಹನ್ನೊಂದು ವರ್ಷ,
ಪರದೆ ಎದ್ದಿಲ್ಲ.

ಮಗಳಿಗೆ ಟೈಫಾಯ್ಡ್ ಬಂದ ವಾರ
ಒಂದೇ ಅಳತೆಯ ಎರಡು ಬಿಚ್ಚಿದ್ದೆ:
ನಕ್ಷತ್ರ ಎಣಿಸಿದ ವಿಜ್ಞಾನಿ ಒಬ್ಬ, ಗರಡಿಯ ಪೈಲ್ವಾನ ಒಬ್ಬ.
ನಲವತ್ತೊಂಬತ್ತರಿಂದ ಅರವತ್ತನಾಲ್ಕು
ಇವನದು ಅವನಿಗೆ ಹೋಯಿತು, ಅವನದು ಇವನಿಗೆ.
ಹೊಲಿದೆ. ಅಂಚು ಕತ್ತರಿಸಿದೆ.
ಬೆನ್ನಿಗೆ ಚಿನ್ನದ ಅಕ್ಷರ ಒತ್ತಿ ಕಳಿಸಿದೆ.

ಮೂರು ವರ್ಷ ಯಾರೂ ದೂರಲಿಲ್ಲ.

ಆಮೇಲೆ ಬಂದರು ಮಲ್ಲೇದೇವರು,
ಜಂಕ್ಷನ್ನಿನಲ್ಲಿ ಪಾಯಿಂಟ್ಸ್‌ಮನ್ ಆಗಿದ್ದವರು.
ಕೊಡೆ ಗೋಡೆಗೊರಗಿಸಿ, ಪುಸ್ತಕ ಮುಂದಿಟ್ಟು,
"ಖುರ್ಷೀದಮ್ಮ, ನಲವತ್ತೆಂಟನೇ ಪುಟದಲ್ಲಿ ಹುಡುಗ
ತಾರಸಿ ಮೇಲೆ ಮಲಗಿ ಆಕಾಶ ನೋಡ್ತಿದ್ದ.
ಮಗುಚಿದ್ರೆ ಮೈಗೆಲ್ಲ ಕೆಮ್ಮಣ್ಣು, ತೊಡೆ ತಟ್ತಾ ಇದಾನೆ.
ಅರವತ್ತೈದರಲ್ಲಿ ಮತ್ತೆ ತಾರಸಿ."

ಕೈಯ ಸೂಜಿ ಜಾರಿತು.
ಬಿಚ್ಚಿ ಹೊಲಿದು ಕೊಡ್ತೀನಿ, ದುಡ್ಡು ಬೇಡ ಅಂದೆ.

"ಬಿಚ್ಚಬೇಡ. ಎರಡು ಸಲ ಓದಿದೀನಿ.
ಮೊದಲ ಸಲ ಗೊತ್ತೇ ಆಗ್ಲಿಲ್ಲ ನೋಡು!
ಆ ವಯಸ್ಸಲ್ಲಿ ಯಾವ ಹುಡುಗ ತಾನೆ
ಒಂದ್ಸಲ ತೊಡೆ ತಟ್ಟಿಲ್ಲ?"

ಆಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದರು.
ಬೀರೂರು ಕಡೆ ಹೊರಟ ಗೂಡ್ಸು ಕೂಗಿತು.

"ಮೂವತ್ನಾಲ್ಕು ವರ್ಷ ಪಾಯಿಂಟು ಎಳೆದೆ.
ಎಳೆದ್ರೆ ಹಾಸನ, ಬಿಟ್ರೆ ಬೀರೂರು.
ಕಂಬಿಗೂ ಕಂಬಿಗೂ ನಡುವೆ ಅಂಗೈಯಗಲ ಸಂದು, ಅಷ್ಟೇ.
ಒಳಗೆ ಮಲಗಿದೋರಿಗೆ ಗೊತ್ತಾಗಲ್ಲ.
ಇಂಥ ಪುಸ್ತಕ ಯಾಕೆ ಓದ್ತೀನಿ ಅಂದ್ರೆ
ಆ ಸಂದು ಎಲ್ಲಿತ್ತು ಅಂತ ಹುಡುಕೋಕೆ.
ದೊಡ್ಡೋರು ಎಲ್ಲಾ ಬರೀತಾರೆ, ಅದೊಂದು ಬರೆಯಲ್ಲ.
ನೀನು ಅಪ್ಪಿತಪ್ಪಿ ಹೊಲಿದುಬಿಟ್ಟಿದೀಯ."

ಕೊಡೆ ಮರೆತು ಹೋದರು. ಇಲ್ಲೇ ಇದೆ.

ಇನ್ನೊಂದು, ಪೈಲ್ವಾನನದು,
ಬಾಣಾವರದ ಯಾರೋ ಒಯ್ದವರು ಹಿಂದಿರುಗಿಸಿಲ್ಲವಂತೆ.
ಲೈಬ್ರರಿಯವರು ಎರಡು ಕಾರ್ಡು ಬರೆದಿದ್ದಾರೆ.
ಕೊಡದಿದ್ದರೇ ಒಳ್ಳೆಯದು ಅನಿಸುತ್ತದೆ ನನಗೆ.
ಆ ಮನೆಯಲ್ಲಿ ಯಾರೋ ಈಗ
ಜಗಜಟ್ಟಿಯೊಬ್ಬನನ್ನು ಸೋಲಿಸಿ ಬಂದ ಮೈಯಲ್ಲೇ
ಅಂಗಾತ ಮಲಗಿ
ಹದಿನಾರು ಪುಟ ನಕ್ಷತ್ರ ಎಣಿಸುತ್ತಿರಬೇಕು.