ಅಳತಿ ಕುಬಸ

ಪೊಲೀಸರು ಬಂದಾಗ ಹುಕ್ಕು ಹಚ್ಚತಿದ್ದೆ.
ಪ್ಲಾಸ್ಟಿಕ್ ಚೀಲದಾಗಿನ ಅರಿವಿ ತೋರಿಸಿ
'ಈ ಹೊಲಿಗಿ ಯಾರದು?' ಅಂದ್ರು.
ಯಾರದಂದ್ರ? ನನ್ನದ.
ಬಗಲಿಗೆ ಎರಡು ಸಲ ಮಷೀನು ಓಡಸಾಕಿ
ಬ್ಯಾಡಗ್ಯಾಗ ನಾನೊಬ್ಬಾಕಿನ.
ಮೆಣಸಿನಕಾಯಿ ತೊಟ್ಟು ಬಿಡಸೋ ಹೆಂಗಸರ ಕುಬಸ
ಮೊದಲು ಹರಿಯೂದ ಅಲ್ಲಿ,
ದಿನಕ್ಕ ಸಾವಿರ ಸಲ ಕೈ ಎತ್ತಿ, ಇಳಿಸಿ.

ಮೈ ಯಾರದಂತ ಅವರು ಕೇಳಲಿಲ್ಲ.
ವಹಿ ತಗದು ನಾನ ಓದಿದೆ:
ದುರುಗವ್ವ. ಎದಿ ಮೂವತ್ನಾಕು, ತೋಳು ಎಂಟು,
ಬಲಭುಜ ಎಡಕ್ಕಿಂತ ಕಾಲಿಂಚು ಇಳಕಲು,
ಮುಂಗಡ ಐವತ್ತು, ಬಾಕಿ ನಲವತ್ತು.
ಬರಕೊಂಡ್ರು.
ಭುಜದ್ದೊಂದು ಬಿಟ್ಟು.

ಸೋಮವಾರ, ಗುರುವಾರ, ಇನ್ನೂ ಕತ್ತಲಿರತಿತ್ತು,
ಯಾರ್ಡಿನ ಗೇಟಿಗೆ ಮುಖಕ್ಕ ಸೆರಗು ಬಿಗದು ನಿಂದರತಿದ್ರು.
ಟಂಟಂ ಬಂದು 'ಒಬ್ಬಾಕಿ ಬೇಕು' ಅಂದ್ರ
ಒಬ್ಬಾಕಿ ಹತ್ತತಿದ್ಲು.
ಯಾರ ಟಂಟಂ, ಯಾವ ಗೋಡೌನು ಅಂತ ಕೇಳಿದಾಕಿಗೆ
ಅವತ್ತು ಪಗಾರಿಲ್ಲ.

ಹಳ್ಳದಾಗ ಸಿಕ್ಕಾಕಿ ಕಾಲು ಜಾರಿ ಬಿದ್ದಾಳ ಅಂದ್ರು.
ಹಳ್ಳದಾಗ ನೀರ ಇರಲಿಲ್ಲ.
ಆಮ್ಯಾಲೆ ಕೆಂಚವ್ವ. ಆಕಿ ಕುಡೀತಿದ್ಲು ಬಿಡು.
ಮಾಬುನ್ನಿ ಕಾಣಸವಲ್ಲಳಂತ ತಂಗಿ ಸ್ಟೇಷನ್ನಿಗೆ ಹೋದ್ರ
'ಗಂಡನ್ನ ಕರಕೊಂಡು ಬಾ, ಅವನ ಸಹಿ ಬೇಕು' ಅಂದ್ರಂತ.
ಬಿಟ್ಟುಹೋಗಿ ಹನ್ನೊಂದು ವರ್ಷಾದ ಗಂಡ.
ಮೊದಲು ಅವನ್ನ ಇವರು ಹುಡಕಬೇಕು,
ಆಮ್ಯಾಲೆ ಆಕಿನ್ನ ಅವರು ಹುಡಕತಾರ.

ನಾನರ ಏನು ಕಡಿಮಿ?
'ಬಾಕಿ ಸೋಮವಾರ ಕೊಡತೀನಬೇ,
ಹಳೇದು ಇಲ್ಲೇ ಇರಲಿ, ಇನ್ನೊಂದು ಹೊಲಸೂದೈತಿ'
ಅಂತ ಹೊಸಾದು ಹಾಕ್ಕೊಂಡ ಹೋದ ದುರುಗವ್ವ
ಸೋಮವಾರ ಬರಲಿಲ್ಲ, ಮುಂದಿನ ಸೋಮವಾರೂ.
ನಲವತ್ತು ರೂಪಾಯಿ ಮುಣಗಿಸಿ ಯಾವನ ಜೋಡಿನೋ ಓಡಿಹೋದ್ಲು
ಅಂತ ಸಿಂಪಿಗೇರ ಓಣಿ ತುಂಬ ಸಾರಿದಾಕಿ ನಾ.
ವಹಿಯಾಗ ಆಕಿ ಹೆಸರಿನ ಮ್ಯಾಲೆ
ಸ್ಕೇಲ್ ಇಟ್ಟು ಗೀಟು ಎಳದೆ, ಸೊಟ್ಟ ಆಗಬಾರದಂತ.
ಆಗ ಆಕಿ ಕೋಲ್ಡ್ ಸ್ಟೋರೇಜಿನ ಹಿಂದ
ಜಾಲಿಕಂಟಿಯಾಗ ಬಿದ್ದಿದ್ಲು.
ಐದು ಹುಕ್ಕಿನಾಗ ಎರಡು ಉಳದಿದ್ವಂತ.
ಬಗಲ ಹೊಲಿಗಿ ಬಿಟ್ಟಿರಲಿಲ್ಲ.

ಅವನು ಸಿಕ್ಕಿದ್ದು ಪೊಲೀಸರಿಂದಲ್ಲ.
ಐದನೆಯಾಕಿ ಸಾಯಲಿಲ್ಲ.
ದಿನಾ ಕಾಯಿ ಬಿಡಿಸಿ ಕೈ ತೊಳಕೊಂಡಿರಲಿಲ್ಲ,
ಆ ಬೆರಳು ಸಾಕಾತು ಅವನ ಕಣ್ಣಿಗೆ.

ಟಿವಿಯವರು ಬಂದ್ರು, ಸೀನಿದ್ರು, ಕಣ್ಣೊರಸಿಕೊಂಡ್ರು.
ಊರಿನ ಗಾಳಿ ಹಂಗ ಐತಿ.
ಅವನು ಯಾವ ಸಾಲಿಗೆ ಹೋಗಿದ್ದ, ಯಾರ ಜೋಡಿ ಕ್ರಿಕೆಟ್ ಆಡತಿದ್ದ,
ಅವರವ್ವ ಎಷ್ಟು ಅತ್ತಳು, ಎಲ್ಲಾ ಬಂತು.
ದುರುಗವ್ವನ ಫೋಟೋ ಬರಲಿಲ್ಲ.
ರೇಷನ್ ಕಾರ್ಡಿನಾಗಿಂದು ಮಸಕು ಅಂದ್ರು.

ನಿನ್ನೆ ಸಂಜಿಮುಂದ ಮಗಳು ಬಂದಿದ್ಲು.
ಏಳನೆತ್ತೆ ಇರಬೇಕು, ಸಾಲಿ ಅರಿವಿಯಾಗ ಇದ್ಲು.
ಸ್ಟೇಷನ್ನಾಗ ಕಾಗದ ಓದಿ ಹೇಳಿದ್ರಂತ,
ನಿಮ್ಮವ್ವ ಟೇಲರಮ್ಮಗ ನಲವತ್ತು ಕೊಡೂದೈತಿ ಅಂತ.
ಬ್ಯಾಡವಾ ಅನ್ನೂದರಾಗ
ಹತ್ತರ ನಾಕು ನೋಟು ಮಷೀನಿನ ಮ್ಯಾಲಿಟ್ಟು
ಗೀಟು ಹೊಡದ ಸಾಲು ನೋಡಿದ್ಲು.
ಅಳಸ್ರಿ ಅನಲಿಲ್ಲ.
'ಅವ್ವನ ಅಳತಿ ಕುಬಸ ಐತೇನ್ರಿ?'

ಮೊಳಿಗೆ ತೂಗಾಕಿದ್ದು ಇಳಿಸಿ ಕೊಟ್ಟೆ.
ಬಾಗಿಲದಾಗ ನಿಂತು ಮುಖಕ್ಕ ಒತ್ತಿ ಹಿಡಕೊಂಡ್ಲು.
ಎಷ್ಟೋ ಹೊತ್ತು.
ಆಮ್ಯಾಲೆ ಸೀನಿದ್ಲು, ಒಂದು, ಎರಡು, ಮೂರು ಸಲ.
ಘಾಟು ಇನ್ನೂ ಹೋಗಿರಲಿಲ್ಲ.