ಮೂರು ಗ್ರಾಮು ಇನ್ನೂರು ಮಿಲಿ

ಚೌಕಿಪೇಟೆಯ ನನ್ನ ಗೂಡಂಗಡಿಗೆ
ಮಧ್ಯಾಹ್ನದ ಹೊತ್ತು ಬಂದರು ಹಾಲಮ್ಮ,
ಮುಚ್ಚಿಹೋದ ಮಿಲ್ಲಿನ ಕಚೇರಿಯಲ್ಲಿ
ಒಂದು ಕಾಲಕ್ಕೆ ಟೈಪಿಸ್ಟು.
ಚೀಲದೊಳಗೆ ಪರ್ಸು, ಪರ್ಸಿನೊಳಗೆ ಕರ್ಚೀಫು,
ಕರ್ಚೀಫಿನ ಗಂಟಲ್ಲಿ ಒಂದು ಉಂಗುರ.
"ಮಾರಾಕಲ್ಲ ಆಚಾರ್ರೇ, ಅಡ ಇಡಾಕೂ ಅಲ್ಲ.
ಬರೇ ನೋಡಿ ಹೇಳ್ರಿ."

ಜೊತೆಗೆ ನಾಲ್ಕು ಮಡಿಕೆಯ ಕಾಗದ.
ವೇಲ್ಸ್ ದೇಶದ ಬೆಟ್ಟದ ಚಿನ್ನ
ಒಂದಿಷ್ಟು ಬೆರೆಸಿ ಮಾಡಿದ್ದು ಅಂತ ಅದರಲ್ಲಿ ಐತಂತೆ,
ಓದಿ ಹೇಳಿದವರು ಅವರೇ.
ಬೆಲೆ ನಾನೂರ ಎಂಬತ್ತು ಪೌಂಡು.
ಕಾಗದ ಬದಿಗಿಟ್ಟೆ.
ಮೂವತ್ತೆಂಟು ವರ್ಷದಲ್ಲಿ
ಕಾಗದವನ್ನು ಒರೆಗೆ ಹಚ್ಚಿದವನಲ್ಲ ನಾನು.

ಕಲ್ಲಿಗೆ ಎಳೆದೆ. ಗೆರೆ ಬಂತು,
ಬಾಣಂತಿ ಮುಖದ ಹಾಗೆ ಬಿಳಿಚಿಕೊಂಡು.
ಒಂದೇ ಹನಿ ಆಸಿಡ್ಡಿಗೆ,
ಕೈಗಡ ಕೊಟ್ಟವನನ್ನು ಕಂಡವನ ಹಾಗೆ ಮಾಯ.
ಒಂಬತ್ತು ಕ್ಯಾರೆಟ್ಟು.
ನೂರಕ್ಕೆ ಮೂವತ್ತೇಳೂವರೆ ಚಿನ್ನ,
ಮಿಕ್ಕಿದ್ದು ತಾಮ್ರ, ಬೆಳ್ಳಿ, ಮತ್ತೊಂದು.
ಆ ಮೂವತ್ತೇಳೂವರೆಯಲ್ಲೂ ಬೆಟ್ಟದ್ದು ಎಷ್ಟು?
ಒಂದಿಷ್ಟು.
ಒಂದಿಷ್ಟು ಅನ್ನುವ ಬೊಟ್ಟು
ನನ್ನ ತಕ್ಕಡಿಯ ಪೆಟ್ಟಿಗೆಯಲ್ಲಿಲ್ಲ.

"ಕೊಟ್ಟಿದ್ದರಲ್ಲಿ ಕಾಲುಭಾಗವೂ ಬಾಳಲ್ಲಮ್ಮ" ಅಂದೆ.
"ಚಿನ್ನಕ್ಕೆ ಊರು ಅಂತ ಇಲ್ಲ.
ಮೂಸೆಗೆ ಬಿದ್ದಮೇಲೆ ಹಟ್ಟಿಯದೋ ದುಬೈದೋ,
ಯಾರ ಮೂಗಿನದೋ, ಯಾರ ಕೊರಳಿಂದ ಇಳಿದದ್ದೋ,
ಕೇಳೋರೂ ಇಲ್ಲ, ಹೇಳೋದೂ ಇಲ್ಲ."

ಹಾಲಮ್ಮ ಕನ್ನಡಕ ಒರೆಸಿಕೊಂಡರು.
"ಅಲ್ರೀ, ಬೆಂಗಳೂರಾಗೆ ಓಣಿಗೊಂದು
ದಾವಣಗೆರೆ ಬೆಣ್ಣೆದೋಸೆ ಅಂತ ಬೋರ್ಡು.
ಇಪ್ಪತ್ತು ರೂಪಾಯಿ ಜಾಸ್ತಿ ಕೊಟ್ಟು ತಿಂತಾರೆ.
ಅದರಾಗೆ ದಾವಣಗೆರೆ ಎಷ್ಟು ಗ್ರಾಮು ಐತಿ?"

ನಕ್ಕೆ. ಅವರು ನಗಲಿಲ್ಲ.

ಎಪ್ಪತ್ತನಾಲ್ಕರಲ್ಲಿ ಶುರುವಾದ ಕಾಗದದ ಸ್ನೇಹ.
ಆ ಕಡೆ ಮೆಗನ್, ಸ್ಲೇಟು ಕಲ್ಲಿನ ಕ್ವಾರಿಯಲ್ಲಿ ಟೈಪಿಸ್ಟು.
ಅವಳ ಊರಿನ ಹೆಸರು ಇವರ ಬಾಯಿಗೆ ಹೊರಳಲಿಲ್ಲ,
ನಮ್ಮೂರಿನದು ಅವಳಿಗೆ.
ಅಂಟಿಕೊಳ್ಳುವ ಕೀಲಿಗಳು, ಹಾಜರಿ ಪುಸ್ತಕದ ಸಾಹೇಬರು,
ಮಿಲ್ಲಿನ ಸೈರನ್ನು ನಿಂತ ದಿನ,
ಕ್ವಾರಿಗೆ ಬೀಗ ಬಿದ್ದ ದಿನ.
ಫೋನು ಒಂದೇ ಸಲ. ಇವರ ಇಂಗ್ಲಿಷು ಅವಳಿಗೆ,
ಅವಳದು ಇವರಿಗೆ, ಎಳ್ಳಷ್ಟೂ ತಿಳಿಯದೆ
ಮೂರು ನಿಮಿಷ ಬರೀ ಹಲೋ.
ಹೋದ ಮಾಘದಲ್ಲಿ ತೀರಿಕೊಂಡಳು.
ಪೆನ್ಷನ್ನಿನಲ್ಲಿ ಕೊಂಡಿಟ್ಟ ಉಂಗುರವನ್ನು
ಅವಳ ತಂಗಿಯ ಮಗಳು ಪಾರ್ಸೆಲ್ ಮಾಡಿದಳು.

"ಅಂಗಡಿಯೋನು ಅವಳಿಗೆ ಮೋಸ ಮಾಡಿದನಾ?
ಅಷ್ಟೇ ನಂಗೆ ತಿಳೀಬೇಕು."

ಕಲ್ಲು ಇದಕ್ಕೆ ಉತ್ತರ ಹೇಳುವುದಿಲ್ಲ.
ನನಗೆ ಜಾಲಗಾರರ ಗಾಳೆವ್ವ ನೆನಪಾದಳು.
ನಸುಕಿಗೇ ಬಂದು ನಮ್ಮ ಬೀದಿಯ ಕಸ ಗುಡಿಸಿ,
ಮರಿಗೆಯಲ್ಲಿ ತೊಳೆದು, ತೂರಿ,
ಉಗುರಿನ ತುದಿಯಷ್ಟು ಹಳದಿ ಎತ್ತುತ್ತಿದ್ದಳು.
ಧೂಳನ್ನು ಅವಳಿಗೆ ಗುತ್ತಿಗೆ ಕೊಟ್ಟವರು ನಮ್ಮಪ್ಪ.
ಮಂಡಿಪೇಟೆ ಧೂಳಿಗೆ ಒಂದು ರೇಟು,
ಚೌಕಿಪೇಟೆ ಧೂಳಿಗೆ ಇನ್ನೊಂದು.
ಧೂಳಿಗೂ ಊರಿತ್ತು.
ಆ ದುಡ್ಡಲ್ಲಿ ನಾನು ಸ್ಲೇಟು ಬಳಪ ಕೊಂಡಿದ್ದೆ.

"ಮೋಸ ಇಲ್ಲಮ್ಮ. ಬರೆದದ್ದೇ ಕೊಟ್ಟಿದಾನೆ.
ದುಬಾರಿ. ದುಬಾರಿ ಬೇರೆ, ಮೋಸ ಬೇರೆ."

ಉಸಿರು ಬಿಟ್ಟರು. ಬೆರಳಿಗೆ ಹಾಕಿ ನೋಡಿದರು.
ಗೆಣ್ಣು ದಾಟಲಿಲ್ಲ; ಕಿರುಬೆರಳಿಗೆ ಸಡಿಲ.
ಮತ್ತೆ ಕರ್ಚೀಫು, ಮತ್ತೆ ಗಂಟು.

ಬೇಡವೆಂದರೂ ಐವತ್ತು ರೂಪಾಯಿ ಇಟ್ಟು ಚೀಟಿ ಕೇಳಿದರು.
ತೂಕ, ಮಟ್ಟ, ತಾರೀಖು ತುಂಬಿದೆ.
ಚಿನ್ನದ ಊರಿಗೆ ಚೀಟಿಯಲ್ಲಿ ಜಾಗ ಇಲ್ಲ.

"ಒರೆಗಲ್ಲಿಗೆ ಹತ್ತಿದ್ದು ಎಷ್ಟಾತು?"
"ತೂಕಕ್ಕೆ ಸಿಗೋದಲ್ಲಮ್ಮ ಅದು."
"ಗೊತ್ತು. ಅದನ್ನೂ ಬರೀರಿ."

ಪೆನ್ನು ಹಿಡಿದು ಸ್ವಲ್ಪ ಹೊತ್ತು ಕೂತೆ.
ಹೊರಗೆ ತಳ್ಳುಗಾಡಿಯವನು ಸಂಪಿಗೆ ಕೂಗುತ್ತಿದ್ದ.
ಕೊನೆಗೆ ಬರೆದೆ,
ಒಂದಿಷ್ಟು.