ಹರಾಜು ಕೂಗುವವನ ಗಂಟಲು

ಎಂಟು ದಿನ ತುಟಿ ಬಿಚ್ಚಬೇಡಿ ಎಂದರು ಡಾಕ್ಟರು.
ಇಪ್ಪತ್ತಾರು ವರ್ಷ ಟೊಮೆಟೊ ಹರಾಜು ಕೂಗಿದ ಗಂಟಲಿಗೆ
ಟಾರ್ಚು ಬಿಟ್ಟು ನೋಡಿ
'ಕೆಂಪಗಿದೆ' ಎಂದರು.
ಮತ್ತೇನು, ಹಸಿರಾಗಿರುತ್ತದೆಯೇ
ಎಂದು ಕೇಳಲೂ ಆಗಲಿಲ್ಲ.

ಆಷಾಢದ ಕೋಲಾರ. ಮಂಡಿಯಲ್ಲಿ ಕ್ರೇಟಿನ ಮೇಲೆ ಕ್ರೇಟು,
ನೂರಾ ಐವತ್ತು, ನೂರಾ ಅರವತ್ತು, ಅರವತ್ತು, ಅರವತ್ತು,
ಒಂದ್ಸಲ, ಎರಡ್ಸಲ...
ನನ್ನ ಜಾಗದಲ್ಲೀಗ ಸೊಣ್ಣಪ್ಪನ ಮಗ.
ಎಳೇ ಗಂಟಲು. ಎಪ್ಪತ್ತಕ್ಕೆ ಹೋಗುವ ಮಾಲನ್ನು
ಅರವತ್ತೈದಕ್ಕೇ ಬಿಟ್ಟುಬಿಡುತ್ತಾನೆ, ಗೊತ್ತು.

ಕ್ಲಾಕ್ ಟವರಿನ ಹತ್ತಿರ ನೂರ್ ಜಾನಮ್ಮನ ಗಾಡಿ.
ಒದ್ದೆ ಗೋಣಿಯ ಮೇಲೆ ಹಸಿ ಶುಂಠಿ,
ಮಣ್ಣು ಮೆತ್ತಿದ ಅರಿಶಿನದ ಕೊಂಬು.
ಬೆರಳಲ್ಲೇ ಹೇಳಿದೆ: ಇದು ಇಷ್ಟು, ಅದು ಎರಡು ತುಂಡು, ನಿಂಬೆ ನಾಲ್ಕು.
ಆಕೆ ಬೆಲೆ ಹೇಳಿದಳು.
ಕೇಳಿದಷ್ಟೂ ಕೊಟ್ಟೆ.
ಆಕೆಗೇ ಗಾಬರಿ. 'ಏನಣ್ಣಾ, ಮೈ ಸರಿಯಿಲ್ವಾ?'
ಐದನೆಯದೊಂದು ನಿಂಬೆ ತಾನೇ ಚೀಲಕ್ಕೆ ಹಾಕಿದಳು.

'ಅಲ್ಲಂ ತಂದ್ರಾ?'
ಅಶ್ವತ್ಥಮ್ಮನ ತವರು ಮುಳಬಾಗಿಲಿನಾಚೆ, ಗಡಿಗೆ ಒರಗಿದ ಊರು.
ಶುಂಠಿ ಅವಳ ಬಾಯಲ್ಲಿ ಇವತ್ತಿಗೂ ಶುಂಠಿಯಾಗಿಲ್ಲ.
ಏನು ಅಲ್ಲ, ಯಾವುದು ಅಲ್ಲ
ಎಂದು ಅರ್ಧಕ್ಕೇ ತಡೆದು ರೇಗಿಸುತ್ತಿದ್ದೆ.
ಇವತ್ತು ಪೂರ್ತಿ ಕೇಳಿಸಿತು,
ಕೊನೆಯ ಸೊನ್ನೆಯವರೆಗೂ.

ಅವಳು ಹೊಸ್ತಿಲ ಬಳಿ ಬೆರಕೆ ಸೊಪ್ಪು ಬಿಡಿಸುತ್ತಾ ಕೂತಿದ್ದಳು.
'ನೀವೇ ಮಾಡ್ಕೊಳ್ಳಿ, ನಾನು ಹೇಳ್ತೀನಿ.'
ಚಮಚದ ಅಂಚಲ್ಲಿ ಸಿಪ್ಪೆ ಕೆರೆದೆ.
ಕುಟ್ಟಾಣಿಯಲ್ಲಿ ನಾಲ್ಕೇ ಏಟು, ನುಣ್ಣಗಾಗಬಾರದು.
ಅರಿಶಿನ ಮುರಿದರೆ ಒಳಗೆ ಕೆಂಡದ ಬಣ್ಣ,
ಉಗುರಿನ ಸಂದಿಗೆ ಹೊಕ್ಕು ಕೂತಿತು.
ಎರಡು ಲೋಟ ನೀರು, ಒಂದೂವರೆಗೆ ಇಳಿಯಬೇಕು.
ಮೆಣಸು ಆರು ಕಾಳು.
'ಏಳಾದ್ರೆ?' ಎಂದು ಹುಬ್ಬಲ್ಲಿ ಕೇಳಿದೆ.
'ನಿಮ್ಮ ಗಂಟ್ಲು, ನಿಮ್ಮಿಷ್ಟ.'

ಕಾಯುವುದಷ್ಟೇ ಉಳಿಯಿತು.
ಮೊದಲು ಪಾತ್ರೆಯ ತಳದಲ್ಲಿ ಒಂದು ಪಿಸುಗು,
ಆಮೇಲೆ ಮರಳು ಜರಿದ ಹಾಗೆ,
ಆಮೇಲೆ ಗುಳುಗುಳು.
ನೀರಿಗಿಷ್ಟು ದನಿಗಳಿವೆ ಅಂತ ಗೊತ್ತಿರಲಿಲ್ಲ ನನಗೆ.
ಅವಳದೂ ಹಾಗೇ.
ತಗ್ಗಿದ ದನಿ,
ಮಾತಿನ ಕೊನೆಗೆ ಸಣ್ಣಗೆ ಒಡೆಯುತ್ತದೆ,
ಹುರಿಗಡಲೆಯ ಸಿಪ್ಪೆಯ ಹಾಗೆ.
ಚಪ್ಪಲಿ ಎಲ್ಲಿ, ಉಪ್ಪು ಎಲ್ಲಿ ಎಂದು
ನಲವತ್ತು ಜನ ದಲ್ಲಾಳಿಗಳಿಗೆ ಕೇಳುವಷ್ಟು
ಜೋರಾಗಿ ಕೂಗುತ್ತಿದ್ದೆ ಈ ಹತ್ತಡಿ ಅಡುಗೆಮನೆಯಲ್ಲಿ.

ನಿಂಬೆ ಕೊಯ್ದು ಪಾತ್ರೆಯ ಮೇಲೆ ಹಿಡಿದೆನೋ ಇಲ್ಲವೋ
'ಅಯ್ಯೋ, ಬೇಡಾ!'
ಸೊಪ್ಪು ಚೆಲ್ಲಿ ಎದ್ದು ಬಂದಳು. ಅವಳೂ ಕೂಗಬಲ್ಲಳು.
'ಕುದಿಯೋವಾಗ ಹಿಂಡಿದ್ರೆ ಕಹಿಯಾಗತ್ತೆ.
ಒಲೆ ಆರ್ಸಿ. ಒಂದ್ ಗಳಿಗೆ ತಡೀರಿ. ಆಮೇಲೆ.'
ಆರಿಸಿದೆ. ತಡೆದೆ.
ಬೆಲ್ಲ ಕರಗಿತು.
ಹಿಂಡಿದ ಕೂಡಲೇ ಕಂದು ಕಿತ್ತಳೆಯಾಗಿದ್ದ ನೀರು
ತಿಳಿ ಹಳದಿಗೆ ತಿರುಗಿತು,
ಬೆಳಗಿನ ಜಾವ ಅಂತರಗಂಗೆ ಬೆಟ್ಟದ ಬಂಡೆಗಳ ಹಾಗೆ.

ಎರಡು ಲೋಟಕ್ಕೆ ಸೋಸಿದೆ.
'ನಂಗೇನಾಗಿದೆ ರೋಗ' ಎನ್ನುತ್ತಲೇ ಕುಡಿದಳು.
ಖಾರ, ಹುಳಿ, ಕೊನೆಗೆಲ್ಲೋ ಬೆಲ್ಲ.
ಗಂಟಲಲ್ಲಿ ಯಾರೋ ಬಿಸಿ ಬಟ್ಟೆ ಹಾಸಿದರು.

ಇನ್ನೊಂದು ಗುಟುಕು ಬೇಕೆಂದು ಬೆರಳೆತ್ತಿದೆ.
'ಒಂದ್ಸಲ' ಎಂದಳು.
ಎರಡು ಬೆರಳೆತ್ತಿದೆ.
'ಎರಡ್ಸಲಾ' ಎಂದಳು,
ನನ್ನದೇ ರಾಗ, ನನ್ನದೇ ಎಳೆತ,
ಎರಡನೆಯದರ ಕೊನೆಗೆ ನಾನು ಕೊಡುವ ಅದೇ ಕೊಂಕು.
ಮಂಡಿಯ ಕಡೆ ಒಂದು ದಿನವೂ ಬಂದವಳಲ್ಲ.

ನನ್ನ ಮುಖ ನೋಡಿ ಲೋಟ ತುಂಬಿಸಿದಳು.
'ನಿದ್ದೇಲಿ ಕೂಗ್ತೀರಲ್ಲ, ದಿನಾ.'

ಯಾವ ಬೆಲೆಗೆ ಬಿಡುತ್ತೇನೆ ಎಂದು ಕೇಳಬೇಕಿತ್ತು.
ಇನ್ನೂ ಆರು ದಿನ ಇದೆ.
ನಿಂಬೆ ನಾಲ್ಕು ಉಳಿದಿವೆ.